ಥೆರಪಿ ಆ್ಯಪ್‌ನ ರಿಮೈಂಡರ್ ಮಗು ಸುಮ್ಮನಿರುವ ಹೊತ್ತಿಗೆ ಇಡಿ

ಮಗುವಿನ ಹಠ, ಕಿರುಚಾಟ, ಹೊಡೆದಾಟಕ್ಕೆ ಅಂತ ಫ್ಯಾಮಿಲಿ ಥೆರಪಿಗೆ ಹೋಗುತ್ತಾ ಜೊತೆಗೆ ಆ್ಯಪ್ ಕೂಡ ಬಳಸುತ್ತಿದ್ದರೆ, ಅದರ ರಿಮೈಂಡರನ್ನು ಗಲಾಟೆಯ ಹೊತ್ತಿಗೆ ಇಡಬೇಡಿ, ಮಗು ತನ್ನ ಪಾಡಿಗೆ ಆಡಿಕೊಂಡಿರುವ ಹೊತ್ತಿಗೆ ಇಡಿ. ರಿಮೈಂಡರ್ ಬಂದ ತಕ್ಷಣ ಮಗು ಏನು ಮಾಡುತ್ತಿದೆ ನೋಡಿ, ಅದನ್ನೇ ಹೇಳಿ ಹೊಗಳಿ. ಬರೀ 'ಜಾಣ' ಅಂದರೆ ಸಾಲದು, 'ತಂಗಿಗೆ ಪೆನ್ಸಿಲ್ ಕೊಟ್ಟೆಯಲ್ಲ, ಖುಷಿಯಾಯ್ತು' ಅನ್ನಿ. ಯಾವುದಕ್ಕೆ ನಮ್ಮ ಗಮನ ಸಿಗುತ್ತೋ ಮಕ್ಕಳು ಅದನ್ನೇ ಜಾಸ್ತಿ ಮಾಡುತ್ತಾರೆ. ನಾವೋ, ಮಗು ಸುಮ್ಮನಿದ್ದರೆ ಸದ್ಯ ಅಂತ ನಮ್ಮ ಕೆಲಸ ನೋಡಿಕೊಳ್ಳುತ್ತೇವೆ, ಕಿರುಚಿದಾಗ ಮಾತ್ರ ಓಡಿ ಬರುತ್ತೇವೆ, ಅಲ್ವಾ? ಪೇರೆಂಟ್-ಚೈಲ್ಡ್ ಇಂಟರಾಕ್ಷನ್ ಥೆರಪಿಯಲ್ಲಿ (ಮಗುವಿನ ಜೊತೆ ಹೇಗೆ ನಡೆದುಕೊಳ್ಳಬೇಕು ಅಂತ ಅಪ್ಪ-ಅಮ್ಮನಿಗೆ ಹೇಳಿಕೊಡುವ ಥೆರಪಿ) ದಿನಾ 5 ನಿಮಿಷ ಮಗುವಿನ ಇಷ್ಟದಂತೆ ಆಡಿ, ಆಗ ಅಪ್ಪಣೆ, ಪ್ರಶ್ನೆ, ಟೀಕೆ ಬೇಡ ಅನ್ನುವುದರ ಹಿಂದೆಯೂ ಇದೇ ಯೋಚನೆ ಇದೆ. ಆದರೆ ರಂಪ ಶುರುವಾದ ಮೇಲೆ ಈ ಉಪಾಯ ನಡೆಯಲ್ಲ, ಆಗ ಥೆರಪಿಸ್ಟ್ ಹೇಳಿಕೊಟ್ಟದ್ದನ್ನೇ ಮಾಡಿ. 'ಇವತ್ತಾದರೂ ಸುಮ್ನೆ ಇದ್ದೀಯಲ್ಲ' ಅಂತ ಕುಟುಕಿದರೆ ಹೊಗಳಿದ್ದೂ ದಂಡ. ಫೋನನ್ನು ವೈಬ್ರೇಷನ್‌ನಲ್ಲಿಟ್ಟು ಜೇಬಿನಲ್ಲೇ ಇಟ್ಟುಕೊಳ್ಳಿ, ಇಲ್ಲದಿದ್ದರೆ ಮಗು ಆಟ ಬಿಟ್ಟು ಫೋನ್ ಕೇಳುತ್ತದೆ. ರಿಮೈಂಡರ್ ದಿನಾ ಒಂದೇ ಸಮಯಕ್ಕೆ ಬಂದರೆ ನಾವೇ ನೋಡದೆ ಸ್ವೈಪ್ ಮಾಡಿಬಿಡುತ್ತೇವೆ, ಹಾಗಾಗಿ ಆಗಾಗ ಬದಲಿಸಿ. ಮಗು ತನಗೋ ಬೇರೆಯವರಿಗೋ ಪೆಟ್ಟು ಮಾಡುತ್ತಿದ್ದರೆ ಮಾತ್ರ ಆ್ಯಪ್ ನಂಬಿ ಕೂರಬೇಡಿ, ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಥೆರಪಿಸ್ಟ್‌ಗೆ ಫೋನ್ ಮಾಡಿ.