ಕಡತದ ಈಚೆ ಬದಿ: ಕ್ಲೇಮು ಪರಿಶೀಲಕನ ಅನುಭವ

ಖಾಸಗಿ ಟಿಪಿಎ ಸಂಸ್ಥೆಗಳಲ್ಲಿ (ಹಣ ಕೊಡುವವರ ಪರವಾಗಿ ಕ್ಲೇಮು ನೋಡಿಕೊಳ್ಳುವ ಮಧ್ಯವರ್ತಿ ಸಂಸ್ಥೆಗಳು) ಸರ್ಕಾರಿ ಆರೋಗ್ಯ ವಿಮೆಯ ಕ್ಲೇಮು, ಅಂದರೆ ಚಿಕಿತ್ಸೆಯ ಹಣಕ್ಕಾಗಿ ಆಸ್ಪತ್ರೆ ಸಲ್ಲಿಸುವ ಕೋರಿಕೆ, ಪರಿಶೀಲಿಸುವ ವೈದ್ಯನಾಗಿ ನಾನು ಎರಡು ಬಗೆಯ ವ್ಯವಸ್ಥೆಗಳಲ್ಲಿ ದುಡಿದಿದ್ದೇನೆ. ಮೊದಲನೆಯದು 2008ರಲ್ಲಿ ಆರಂಭವಾದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ. ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿ ಮಿತಿಯಿದ್ದ ಅದರಲ್ಲಿ, ಟೆಂಡರ್ ಗೆದ್ದ ವಿಮಾ ಕಂಪನಿಗೆ ಸರ್ಕಾರ ಕುಟುಂಬವಾರು ಪ್ರೀಮಿಯಂ ಕಟ್ಟುತ್ತಿತ್ತು. ಕ್ಲೇಮು ಹೆಚ್ಚಾದರೆ ನಷ್ಟ ಕಂಪನಿಯದು. ಎರಡನೆಯದು ಟ್ರಸ್ಟ್ ಮಾದರಿ. ಕರ್ನಾಟಕದಲ್ಲಿ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇರುವಂತೆ, ಇಲ್ಲಿ ಚಿಕಿತ್ಸೆಯ ವೆಚ್ಚ ಭರಿಸುವುದು ಸರ್ಕಾರವೇ. ನಮ್ಮಂಥ ಸಂಸ್ಥೆಗೆ ಸಿಗುವುದು ಕಡತ ನೋಡಿದ ಶುಲ್ಕ ಮಾತ್ರ.

ಮೊದಲ ವ್ಯವಸ್ಥೆಯಲ್ಲಿ ಒಂದೊಂದೇ ಪ್ರಶ್ನೆ ಕೇಳಿ ಕ್ಲೇಮನ್ನು ಎಳೆದಾಡುವ ಒತ್ತಡವಿತ್ತು, ಎರಡನೆಯದರಲ್ಲಿ ಬೇಗ ಮುಗಿಸಿ ಕೈತೊಳೆದುಕೊಳ್ಳುವ ಒತ್ತಡ. ನನಗೆ ಹೆಚ್ಚು ಅಪಾಯಕಾರಿ ಎನಿಸಿದ್ದು ಎರಡನೆಯದೇ. ಹಣ ತಡವಾದರೆ ಆಸ್ಪತ್ರೆಯವರು ತಕರಾರು ಎತ್ತುತ್ತಾರೆ. ಅನಗತ್ಯ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಟ್ಟರೆ ತಕರಾರು ಎತ್ತುವವರೇ ಇರುವುದಿಲ್ಲ.

ಹಾಗಾಗಿ ನಾನು ನನ್ನದೇ ಕ್ರಮವೊಂದನ್ನು ಇಟ್ಟುಕೊಂಡೆ. ಸ್ಟೆಂಟ್ ಹಾಕಿದ ಪ್ರಕರಣವಾದರೆ ಡಿಸ್ಚಾರ್ಜ್ ಸಾರಾಂಶವನ್ನು ಓದುವ ಮೊದಲೇ ಆಂಜಿಯೋಗ್ರಾಮ್ ಚಿತ್ರಗಳನ್ನು ತೆರೆಯುತ್ತಿದ್ದೆ, ಏಕೆಂದರೆ ಸಾರಾಂಶ ಓದಿದ ಮೇಲೆ ಕಣ್ಣು ಅದು ಹೇಳಿದ್ದನ್ನೇ ಕಾಣತೊಡಗುತ್ತದೆ. ಗರ್ಭಕೋಶ ತೆಗೆಯುವ ಕೋರಿಕೆ ಬಂದರೆ ಮಹಿಳೆಯ ವಯಸ್ಸು, ಸ್ಕ್ಯಾನ್ ವರದಿ ಮತ್ತು ಅದಕ್ಕೂ ಮುನ್ನ ಔಷಧಿಯಿಂದ ಗುಣಪಡಿಸಲು ಯತ್ನಿಸಿದ್ದಕ್ಕೆ ದಾಖಲೆ, ಈ ಮೂರನ್ನೂ ಒಂದೇ ಪತ್ರದಲ್ಲಿ ಕೇಳುತ್ತಿದ್ದೆ. ಬಿಡಿ ಕಡತದಲ್ಲಿ ಕಾಣದ್ದು ಒಂದೇ ಆಸ್ಪತ್ರೆಯ ಕಡತಗಳನ್ನು ಒಟ್ಟಿಗೆ ಹರಡಿದಾಗ ಕಾಣುತ್ತದೆ: ಬೇರೆ ಬೇರೆ ರೋಗಿಗಳು, ಆದರೆ ಅದೇ ರಕ್ತದೊತ್ತಡ, ಅದೇ ನಾಡಿಬಡಿತ, ಅದೇ ಕೈಬರಹ.

ಎಲ್ಲಕ್ಕಿಂತ ಫಲ ಕೊಟ್ಟದ್ದು ಮನೆಗೆ ಮರಳಿದ ರೋಗಿಗೆ ಫೋನ್ ಮಾಡುವುದು. 2018ರಲ್ಲಿ ಬಂದ ಆಯುಷ್ಮಾನ್ ಭಾರತ ಯೋಜನೆಯಲ್ಲಿ ಕುಟುಂಬದ ವಾರ್ಷಿಕ ಮಿತಿ 5 ಲಕ್ಷ ರೂಪಾಯಿಗೇರಿತು. ಬಿಡುಗಡೆಯಾದ ನಂತರದ 15 ದಿನಗಳ ಔಷಧಿಯೂ ಪ್ಯಾಕೇಜಿನೊಳಗೇ, ಅಂದರೆ ಚಿಕಿತ್ಸೆಗೆ ಆಸ್ಪತ್ರೆಗೆ ಕೊಡುವ ನಿಗದಿತ ಮೊತ್ತದೊಳಗೇ, ಸೇರಿತು. ಆದರೂ "ಅಮ್ಮಾ, ಹೊರಗಡೆಯಿಂದ ಔಷಧಿ ತರಿಸಿದ್ರಾ?" ಎಂದು ಕೇಳಿದರೆ, "ಹೂಂ ಸಾರ್, ಚೀಟಿ ಬರೆದುಕೊಟ್ರು, ನಾವೇ ತಂದ್ವಿ" ಎನ್ನುವವರು ಸಿಗುತ್ತಿದ್ದರು. ಈ ಮಾತು ಯಾವ ಕಡತದಲ್ಲೂ ಇರುವುದಿಲ್ಲ.

ಇಂಥ ಕರೆಗಳಿಗೆ ಹಿಡಿಯುವ ಸಮಯಕ್ಕೆ ನಮ್ಮ ಕರಾರಿನಲ್ಲಿ ಶುಲ್ಕವಿರಲಿಲ್ಲ. ಕಡತಕ್ಕಿಷ್ಟು ಎಂದು ಹಣ ನಿಗದಿಯಾದಲ್ಲಿ ಮೇಲಧಿಕಾರಿ ಎಣಿಸುವುದು ಕಡತಗಳನ್ನೇ, ಅದರಲ್ಲಿ ಆಶ್ಚರ್ಯವೇನಿಲ್ಲ. ಕ್ಲೇಮಿಗೆ ಒಪ್ಪಿಗೆ ಕೊಡುವ ಸಂಸ್ಥೆಗೇ ಆ ಕ್ಲೇಮಿನ ತಪಾಸಣೆಯನ್ನೂ ವಹಿಸದೆ, ರೋಗಿಯನ್ನು ಮಾತನಾಡಿಸುವ ಕೆಲಸವನ್ನು ಬೇರೆ ಸಂಸ್ಥೆಗೆ, ಬೇರೆ ಶುಲ್ಕಕ್ಕೆ ಕೊಡಬೇಕೆಂದು ಕರಾರು ನವೀಕರಣದ ಸಭೆಗಳಲ್ಲಿ ನಾನು ವಾದಿಸುತ್ತಾ ಬಂದಿದ್ದೇನೆ.