ಜಿರ್ಕೋನಿಯಾ ಕ್ರೌನ್ ಉಜ್ಜಿದ ಮೇಲೆ ಹೊಳಪು ಮಾಡುವುದು ಹೇಗೆ?

ಜಿರ್ಕೋನಿಯಾ ಎಂಬ ಗಟ್ಟಿ ಸೆರಾಮಿಕ್‌ನಿಂದ ಮಾಡಿದ ಕ್ರೌನ್ ಅನ್ನು (ಹಲ್ಲಿನ ಟೋಪಿ) ಕೂರಿಸಿ ಕಚ್ಚಿಸಿ ನೋಡಿದಾಗ ಎತ್ತರ ತಗುಲಿದರೆ ಡೈಮಂಡ್ ಬರ್‌ನಿಂದ, ಅಂದರೆ ವಜ್ರದ ಕಣ ಅಂಟಿಸಿದ ತಿರುಗುವ ಕಡ್ಡಿಯಿಂದ, ಉಜ್ಜುವುದು ಮಾಮೂಲು. ಆ ಜಾಗವನ್ನು ಒರಟಾಗಿಯೇ ಬಿಟ್ಟರೆ ಕ್ರೌನ್‌ನ ಆಯುಷ್ಯಕ್ಕೆ ಪೆಟ್ಟು.

3 ಮೋಲ್ ಶೇಕಡ ಇಟ್ರಿಯಾ (ಇಟ್ರಿಯಂ ಆಕ್ಸೈಡ್) ಬೆರೆತ ಜಿರ್ಕೋನಿಯಾದ ಹರಳುಗಳು ಟೆಟ್ರಾಗೋನಲ್ ಎಂಬ ರೂಪದಲ್ಲಿರುತ್ತವೆ. ಬಿರುಕು ಹೊರಟಲ್ಲಿ ಅವು ಮಾನೋಕ್ಲಿನಿಕ್ ಎಂಬ ಇನ್ನೊಂದು ರೂಪಕ್ಕೆ ತಿರುಗಿ ಸುಮಾರು ಶೇ 4ರಷ್ಟು ಉಬ್ಬುತ್ತವೆ, ಬಿರುಕನ್ನು ಅದುಮಿ ಹಿಡಿಯುತ್ತವೆ. ಇದೇ ಅದರ ಗಟ್ಟಿತನದ ಗುಟ್ಟು. ಆದರೆ ಬಾಯಿಯ ತೇವವೂ ಇದೇ ಬದಲಾವಣೆಯನ್ನು ಮೇಲ್ಮೈಯಲ್ಲಿ ಶುರುಮಾಡಿ, ವರ್ಷಗಳುದ್ದಕ್ಕೂ ಮೆಲ್ಲಗೆ ಒಳಕ್ಕೆ ಒಯ್ಯುತ್ತದೆ. ಉಜ್ಜಿದಾಗಲೂ ಮೇಲ್ಮೈಯ ಹರಳುಗಳು ಹೀಗೇ ಉಬ್ಬಿ ಅದುಮುವ ತೆಳು ಪದರವಾಗುತ್ತವೆ, ಆದರೆ ಒರಟು ಬರ್ ಕೊರೆದ ಗೀರು ಆಳವಾದರೆ ಅದನ್ನೂ ದಾಟಿ ಹೋಗುತ್ತದೆ. ಪ್ರತಿ ಬಾರಿ ಜಗಿದಾಗಲೂ ಆ ಗೀರಿನ ತುದಿ ಇಷ್ಟಿಷ್ಟೇ ಮುಂದೆ ಸರಿಯುತ್ತದೆ.

ಆದ್ದರಿಂದ ಆಕಾರ ತಿದ್ದುವುದನ್ನೆಲ್ಲ ಸಿಂಟರಿಂಗ್‌ಗೆ (ಕುಲುಮೆಯಲ್ಲಿ ಕಾಯಿಸಿ ಗಟ್ಟಿ ಮಾಡುವುದಕ್ಕೆ) ಮುಂಚೆ, ವಸ್ತು ಇನ್ನೂ ಸೀಮೆಸುಣ್ಣದಷ್ಟು ಮೆದುವಾಗಿದ್ದಾಗಲೇ ಮುಗಿಸಿ. ಆಮೇಲೂ ಉಜ್ಜಬೇಕಾದರೆ ಕೆಂಪು ಪಟ್ಟಿಯ ನಯವಾದ ಡೈಮಂಡ್ ಬರ್, ಧಾರಾಳ ನೀರು, ಹಗುರ ಕೈ. ಒಣಗಿದ್ದಾಗ ಒತ್ತಿ ಉಜ್ಜಿದರೆ ಕಿಡಿ ಹಾರುತ್ತದೆ, ಬಿಸಿಗೇ ಸೂಕ್ಷ್ಮ ಬಿರುಕು ಬೀಳುತ್ತದೆ. ಉಜ್ಜಿದ ಮೇಲೆ ಗೇಜ್ ಹಿಡಿದು ದಪ್ಪ ಅಳೆಯಿರಿ. ತಯಾರಕರು ಹೇಳಿದ ಕನಿಷ್ಠಕ್ಕಿಂತ ಕಡಿಮೆಯಾಗಿದ್ದರೆ ಎಷ್ಟು ಹೊಳಪೂ ಅದನ್ನು ಉಳಿಸದು.

ನಂತರ ಜಿರ್ಕೋನಿಯಾಕ್ಕೆಂದೇ ಬರುವ, ಡೈಮಂಡ್ ಪುಡಿ ತುಂಬಿದ ರಬ್ಬರ್ ಪಾಲಿಶರ್‌ಗಳು: ಒರಟು, ಮಧ್ಯಮ, ನಯ. ಒಂದನ್ನೂ ಬಿಡಬೇಡಿ. ಪ್ರತಿ ಹಂತದಲ್ಲೂ ದಿಕ್ಕನ್ನು ಅಡ್ಡಕ್ಕೆ ತಿರುಗಿಸಿದರೆ ಹಿಂದಿನ ಗೀರು ಉಳಿದಿದೆಯೇ ಎಂದು ಲೂಪ್‌ನಲ್ಲಿ (ಭೂತಗನ್ನಡಿಯಲ್ಲಿ) ತಿಳಿಯುತ್ತದೆ. ನಡುವೆ ತೊಳೆಯಿರಿ, ಇಲ್ಲದಿದ್ದರೆ ಒರಟು ಪುಡಿ ಮುಂದಿನ ಹಂತದಲ್ಲೂ ಗೀಚುತ್ತದೆ. ಕೊನೆಗೆ ಡೈಮಂಡ್ ಪೇಸ್ಟ್. ಗುರಿ: ಸರಾಸರಿ ಒರಟುತನ 0.2 ಮೈಕ್ರಾನ್‌ಗಿಂತ ಕಡಿಮೆ. ಅದಕ್ಕೂ ಮೇಲಾದರೆ ಪ್ಲಾಕ್ (ಹಲ್ಲಿಗೆ ಅಂಟುವ ಬ್ಯಾಕ್ಟೀರಿಯಾ ಪದರ) ಹೆಚ್ಚು ಅಂಟುತ್ತದೆ.

ಗ್ಲೇಜ್ ಹಚ್ಚಿದರೆ ಸಾಲದೇ? ಸಾಲದು. ಅದು ತೆಳುವಾದ ಗಾಜಿನ ಪದರ. ಹಲ್ಲು ತಾಗುವಲ್ಲಿ ಸವೆದುಹೋಗಿ, ಕೆಳಗಿನ ಒರಟು ಮೈ ಎದುರು ಹಲ್ಲಿನ ಎನಾಮಲ್ ತಿನ್ನತೊಡಗುತ್ತದೆ. ಚೆನ್ನಾಗಿ ಪಾಲಿಶ್ ಮಾಡಿದ ಜಿರ್ಕೋನಿಯಾ, ಗಡಸಾಗಿದ್ದರೂ, ಎದುರು ಹಲ್ಲನ್ನು ಕಡಿಮೆ ಸವೆಸುತ್ತದೆ. 900 ಡಿಗ್ರಿ ಸೆಲ್ಸಿಯಸ್ ಮೇಲೆ ಮತ್ತೆ ಕಾಯಿಸಿದರೆ ಹರಳುಗಳು ಮೊದಲಿನ ರೂಪಕ್ಕೆ ಮರಳುತ್ತವೆ ನಿಜ. ಗೀರು ಮಾತ್ರ ಮುಚ್ಚುವುದಿಲ್ಲ.

ಕ್ರೌನ್‌ನ ಒಳಮೈಗೆ ಹೊಳಪು ಬೇಡ, ಅಲ್ಲಿ ಅಂಟು ಹಿಡಿಯಬೇಕು. 50 ಮೈಕ್ರಾನ್ ಅಲ್ಯುಮಿನಾವನ್ನು 1ರಿಂದ 2 ಬಾರ್ ಒತ್ತಡದಲ್ಲಿ ಊದಿದರೆ ಸಾಕು. ಒತ್ತಡ ಹೆಚ್ಚಿಸಿದರೆ, ಜಗಿಯುವಾಗ ಎಳೆತ ಬೀಳುವ ಜಾಗದಲ್ಲೇ ಬಿರುಕಿಗೆ ಬೀಜ ಬಿತ್ತಿದಂತೆ. ಹಲ್ಲಿನ ಸೇತುವೆಯಲ್ಲಿ (ಜೋಡಿಸಿದ ಕೃತಕ ಹಲ್ಲುಗಳ ಸಾಲು) ಎರಡು ಹಲ್ಲು ಕೂಡುವ ಕನೆಕ್ಟರ್‌ನ ಒಸಡಿನ ಕಡೆಯ ಮೈಯೂ ಅಂಥದ್ದೇ. ಅಲ್ಲಿ ಬರ್ ತಾಗಿಸಲೇಬೇಕಾದ ಸ್ಥಿತಿ ಬಂದರೆ ಸೇತುವೆಯನ್ನು ಹೊಸದಾಗಿ ಮಾಡಿಸಿ.