ಬೀನ್ಸ್ ನಾರು ತೆಗೆಯುತ್ತಾ ಆಂಥ್ರೊಪಾಲಜಿ ಪಾಸಾದೆ

ಸ್ಯಾನ್ ಹೊಸೆ ಸ್ಟೇಟ್ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿದೆ ಅಂತ ಮೇಲ್ ಬಂತು. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಗಂಡನ ಕೆಲಸದ ವೀಸಾಕ್ಕೆ ಅಂಟಿಕೊಂಡ ಎಚ್-4 ವೀಸಾದಲ್ಲಿ ಅಮೆರಿಕಕ್ಕೆ ಬಂದ ಬಿ.ಕಾಂ. ಹೆಂಗಸು ಮೂವತ್ತೆಂಟಕ್ಕೆ ಕಮ್ಯುನಿಟಿ ಕಾಲೇಜಿಗೆ (ಎರಡು ವರ್ಷದ ಸರ್ಕಾರಿ ಕಾಲೇಜು) ಹೋಗಿ ಆಂಥ್ರೊಪಾಲಜಿ, ಅಂದರೆ ಮಾನವಶಾಸ್ತ್ರ, ಓದುತ್ತೇನೆ ಅಂದಾಗ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ನಮ್ಮವರದ್ದೆಲ್ಲ ಒಂದೇ ರಾಗ: "ಸುಮ್ನೆ ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿಯಮ್ಮಾ."

ಮೊದಲು ದುಡ್ಡು ಕಳೆದ ಕಥೆ. ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಯೂನಿಟ್‌ಗೆ (ಕ್ರೆಡಿಟ್‌ಗೆ) 46 ಡಾಲರ್ ಅಲ್ವಾ, ನಾನು ಇಲ್ಲಿಗೆ ಬಂದು ವರ್ಷ ತುಂಬುವ ಮೊದಲೇ ಆತುರಪಟ್ಟು ಸೇರಿಬಿಟ್ಟೆ. ಹೊರಗಿನವರ ಲೆಕ್ಕದಲ್ಲಿ ಮೂರು ಯೂನಿಟ್‌ಗೆ ಸಾವಿರದ ಚಿಲ್ಲರೆ ಹೋಯಿತು. ಒಂದು ಸೆಮಿಸ್ಟರ್ ಕಾದಿದ್ದರೆ 138ಕ್ಕೆ ಮುಗಿಯುತ್ತಿತ್ತು. ಪುಸ್ತಕಕ್ಕೆ ಮಾತ್ರ ಕಾಸು ಬಿಚ್ಚಲಿಲ್ಲ. ಕಮ್ಯುನಿಟಿ ಕಾಲೇಜಿನ ಆಂಥ್ರೊಪಾಲಜಿ ಮೇಷ್ಟ್ರುಗಳ ಸಂಘದವರೇ ಎರಡು ಪಠ್ಯಗಳನ್ನು ಪುಕ್ಕಟೆ ಕೊಡುತ್ತಾರೆ.

ಮನುಷ್ಯನ ದೇಹ, ಮೂಳೆ ಓದುವ ಬಯಲಾಜಿಕಲ್ ಆಂಥ್ರೊಪಾಲಜಿ ಲ್ಯಾಬ್‌ನಲ್ಲಿ ಮೊದಲ ಸಲ 25ಕ್ಕೆ 11ಓ 12ಓ ಬಂತು. ಬುರುಡೆ ಅಳೆಯುವ ಕ್ಯಾಲಿಪರ್ ಹಿಡಿಯಲು ಬರಲ್ಲ ಅಂದುಕೊಂಡು ಮನೆಯಲ್ಲಿ ತೆಂಗಿನಕಾಯಿ ಅಳೆದು ಅಭ್ಯಾಸ ಮಾಡಿದೆ, ಸುಮಾರು ಒಂಬತ್ತು ಕಾಯಿ. ಕೈ ಪಳಗಿತು, ಅಂಕ ಏರಲಿಲ್ಲ. ಅವರಿಗೆ ಬೇಕಿದ್ದದ್ದು ಬುರುಡೆಯ ಅಡಿಯಲ್ಲಿ ಬೆನ್ನುಹುರಿ ಇಳಿಯುವ ತೂತು ಎಲ್ಲಿದೆ ಅನ್ನೋದು. ನೆಟ್ಟಗೆ ನಡೆಯುವ ನಮಗೆ ನಡುವೆ, ಚಿಂಪಾಂಜಿಗೆ ಹಿಂದಕ್ಕೆ. ವಾರವಿಡೀ ಮನೆಯಲ್ಲಿ ಕಾಯಿ ಚಟ್ನಿ.

ನಂಟಸ್ತನದ ನಕ್ಷೆಯಲ್ಲಿ ಮಾತ್ರ ನನ್ನ ದರ್ಬಾರು. ನಮ್ಮಜ್ಜಿ ಸೋದರಮಾವನನ್ನೇ ಮದುವೆಯಾದವರು, ಹಾಗಾಗಿ ಒಂದೇ ತ್ರಿಕೋನಕ್ಕೆ (ನಕ್ಷೆಯಲ್ಲಿ ಗಂಡಸಿನ ಗುರುತು) ಎರಡು ಕಡೆಯಿಂದ ಗೆರೆ. ಪ್ರೊಫೆಸರ್ ತಪ್ಪು ಅಂತ ಸುತ್ತು ಹಾಕಿದರು. ಅಮ್ಮನ ತಮ್ಮನೂ ಮಾವ, ಗಂಡನ ಅಪ್ಪನೂ ಮಾವ ಅಂತ ವಿವರಿಸುವಷ್ಟರಲ್ಲಿ ಅರ್ಧ ಗಂಟೆ ಬೋರ್ಡು ನನ್ನದೇ ಆಯಿತು.

ನಿಜವಾಗಿ ಸೋತದ್ದು ಫೀಲ್ಡ್‌ವರ್ಕ್‌ನಲ್ಲಿ, ಅಂದರೆ ಜನರ ನಡುವೆ ಹೋಗಿ ನೋಡಿ ಕೇಳಿ ಬರೆಯೋದರಲ್ಲಿ. ದೇವಸ್ಥಾನದ ಅಡುಗೆಮನೆಗೆ ಇಪ್ಪತ್ತು ಪ್ರಶ್ನೆ, ಫೋನ್ ರೆಕಾರ್ಡರ್ ಹಿಡಿದು ಹೋದೆ. ಆಂಟಿಯರೆಲ್ಲ ಸೆರಗು ಸರಿಮಾಡಿಕೊಂಡು "ಎಲ್ಲ ದೇವರ ಸೇವೆ" ಅಂದರು. ಸಿ ಗ್ರೇಡು. ಮುಂದಿನ ಸಲ ಕ್ಲಾಸಿಗೆ ಬರೆಯುತ್ತೇನೆ ಅಂತ ಮೊದಲೇ ಹೇಳಿ, ಪಟ್ಟಿ ಮನೆಯಲ್ಲೇ ಬಿಟ್ಟು, ಬೀನ್ಸ್ ನಾರು ತೆಗೆಯಲು ಕೂತೆ. ನಾಲ್ಕೈದು ಕೆಜಿ ಮುಗಿಯುವಷ್ಟರಲ್ಲಿ ಯಾರು ಒಗ್ಗರಣೆಗೆ ಕೈ ಹಾಕಬಹುದು, ಯಾರು ವರ್ಷಗಟ್ಟಲೆ ಬರೀ ಹೆಚ್ಚುತ್ತಲೇ ಇದ್ದಾರೆ, ಎಲ್ಲ ತಾನಾಗೇ ಹೊರಬಂತು. ಮೊದಲ ಮಾತು ಏನಂತ ಎತ್ತಿದೆ ಅನ್ನೋದನ್ನ ಮಾತ್ರ ಹೇಳಲ್ಲ, ಅದು ನನ್ನ ಬಂಡವಾಳ.

ಟಿಪ್ಪಣಿ ಬರೆಯೋದು ಅವತ್ತು ರಾತ್ರಿಯೇ, ಮಲಗೋ ಮೊದಲು. ನಮ್ಮ ಮೈಸೂರಿನ ಮಾನವಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರ ಫೀಲ್ಡ್‌ವರ್ಕ್ ಟಿಪ್ಪಣಿಗಳು 1970ರಲ್ಲಿ ಇಲ್ಲೇ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಸಿಕ್ಕವು. ಮೂರು ಪ್ರತಿ ಇದ್ದವಂತೆ, ಮೂರೂ ಒಂದೇ ಕೋಣೆಯಲ್ಲಿ. ಅದಕ್ಕೇ ನನ್ನ ಟಿಪ್ಪಣಿಯ ಒಂದು ನಕಲು ಪ್ರತಿ ಭಾನುವಾರ ದಾವಣಗೆರೆಯ ತಂಗಿಗೆ ಹೋಗುತ್ತದೆ. ಅವಳು ಓದಿ, "ಒಗ್ಗರಣೆ ಆಂಟಿ ಈ ವಾರ ಬಂದಿಲ್ವಾ?" ಅಂತ ಕೇಳುತ್ತಾಳೆ.